ತೆರೆದ ಬಾಗಿಲು: ಪಂಡಿತಾ ರಮಾಬಾಯಿ ಮತ್ತು ಮಗಳು ಮನೋರಮಾ

"ನೀವು ಇತಿಹಾಸ ಓದಿದವರು, ಪುಣೆಗೂ ನಮ್ಮ ಕರ್ನಾಟಕಕ್ಕೂ ಸಂಬಂಧಪಟ್ಟದ್ದು ಏನಾದರೂ ಬರೆದುಕೊಡ್ರಿ" ಎಂದು ನಮ್ಮ ಮಹಿಳಾ ವೇದಿಕೆಯ ಗೆಳತಿಯರು ಕೇಳಿ ಎರಡು ತಿಂಗಳಾಯಿತು. ನಮ್ಮ ಗದಗಿನಿಂದ ಬಂದು ಪುಣೆಯನ್ನೇ ಮನೆ ಮಾಡಿಕೊಂಡ ಪಂಡಿತ ಭೀಮಸೇನ ಜೋಶಿಯವರ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಬಿಬವೇವಾಡಿಯ ಮನೆಯಲ್ಲೇ ಒಂದು ಮಾತು ಹುಟ್ಟಿತು. ಆ ಮಾತು ನನ್ನನ್ನು ಬೇರೊಬ್ಬರ ಮನೆಬಾಗಿಲಿಗೆ ಕರೆದುಕೊಂಡು ಹೋಯಿತು. ಅದನ್ನೇ ಬರೆಯುತ್ತಿದ್ದೇನೆ.

ನಮ್ಮದು ಗದಗ-ಬೆಟಗೇರಿಯ ಕ್ರೈಸ್ತ ಮನೆತನ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ಒಳನಾಡಿಗೂ ಬಂದರು. ನಿಘಂಟಿನ ಕಿಟೆಲ್ ಸಾಹೇಬರ ಹೆಸರು ನಿಮಗೆಲ್ಲ ಗೊತ್ತು, ಅವರೂ ಅದೇ ಮಿಶನ್ನಿನವರು. ಅವರಿಗಿಂತ ಮೊದಲೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬವರು ಬೈಬಲ್ಲನ್ನು ಕನ್ನಡಕ್ಕೆ ತಂದಿದ್ದರು. ಹೀಗಾಗಿ ನಮ್ಮ ಅಜ್ಜಿಗೆ ದೇವರ ಮಾತು ಎಂದರೆ ಕನ್ನಡದ ಮಾತೇ. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ, ಎಲ್ಲರನ್ನೂ ಕೂಡಿಸಿ, ಸತ್ಯವೇದದ ಒಂದು ಅಧ್ಯಾಯ ಓದಿಸಿ, ಒಂದು ಕೀರ್ತನೆ ಹಾಡಿಸಿ, ಪ್ರಾರ್ಥನೆ ಮಾಡಿ ಮಲಗಲು ಬಿಡುತ್ತಿದ್ದರು. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಶಾಲೆಯಲ್ಲಲ್ಲ, ಆ ಚಾಪೆಯ ಮೇಲೆ.

ಮದುವೆಯಾಗಿ ಪುಣೆಗೆ ಬಂದ ಮೇಲೆ ಚಾಪೆ ಹೋಗಿ ಸೋಫಾ ಬಂತು. ಮಗಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಆದರೆ ಓದಲು ಬಾರದು. ಅಜ್ಜಿಯ ಸತ್ಯವೇದ ಕಪಾಟಿನಲ್ಲಿದೆ. ಕರ್ತನ ಪ್ರಾರ್ಥನೆಯನ್ನು ನಾನು ಹೇಳಿಕೊಟ್ಟಾಗ ಅವಳು ಅದನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳು. ದಾಸರ ಪದವನ್ನೋ ವಚನವನ್ನೋ ಮಕ್ಕಳಿಗೆ ಕಲಿಸಲು ನೀವೂ ಹೀಗೆಯೇ ಪಾಡು ಪಟ್ಟಿರುತ್ತೀರಿ, ಹೆಚ್ಚು ವಿವರಿಸಬೇಕಾಗಿಲ್ಲ.

ಮಗಳು ಹತ್ತನೆಯ ತರಗತಿ ಮುಗಿಸಿದಳು. ನಮ್ಮ ಸಭೆಯ ಪದ್ಧತಿಯಂತೆ ಕನ್‌ಫರ್ಮೇಶನ್ ಕ್ಲಾಸಿಗೆ ಹೆಸರು ಕೊಡುವ ವಯಸ್ಸು. ಕೂಸಿದ್ದಾಗ ತಂದೆತಾಯಿ ಅವಳ ಪರವಾಗಿ ಹೇಳಿದ ಮಾತನ್ನು ಈಗ ಅವಳೇ ತನ್ನ ಬಾಯಿಂದ ಹೇಳಬೇಕು. ಅವಳು ನೆಟ್ಟಗೆ ನನ್ನ ಮುಖ ನೋಡಿ, "ಮಮ್ಮಿ, ನೀ ನಂಬ್ತಿ ಅಂತ ನಾನೂ ನಂಬಬೇಕೇನು?" ಎಂದು ಕೇಳಿದಳು. ನಾನು ಸಿಟ್ಟಾದೆ. "ನಮ್ಮ ಮನೆತನದಾಗ ಇಂಥ ಮಾತು ಯಾರೂ ಆಡಿಲ್ಲ" ಎಂದೆ. ಅವಳು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು.

ಆ ಮೂರು ದಿನಗಳಲ್ಲಿ ನನಗೆ ನೆನಪಾದವರು ಪಂಡಿತಾ ರಮಾಬಾಯಿ. ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೆ, ಈಗ ತಾಯಿಯಾಗಿ ಮತ್ತೆ ಓದಿದೆ.

ಪುಣೆಯವರು ರಮಾಬಾಯಿಯನ್ನು ತಮ್ಮವರೆನ್ನುತ್ತಾರೆ, ಅದು ಸರಿಯೇ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದಲ್ಲಿ, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಮನೆಮಾತು ಮರಾಠಿ, ಸುತ್ತಲಿನ ಮಾತು ಕನ್ನಡ. ಮುಂದೆ ರಮಾಬಾಯಿಗೆ ಬರುತ್ತಿದ್ದ ಹಲವು ಭಾಷೆಗಳಲ್ಲಿ ಕನ್ನಡವೂ ಒಂದು.

ಅನಂತ ಶಾಸ್ತ್ರಿಗಳು ಹುಡುಗರಾಗಿದ್ದಾಗ ಇದೇ ಪುಣೆಗೆ ಬಂದು ಸಂಸ್ಕೃತ ಕಲಿತರು. ಅವರ ಗುರುಗಳು ಎರಡನೆಯ ಬಾಜೀರಾಯ ಪೇಶ್ವೆಯ ರಾಣಿಗೂ ಪಾಠ ಹೇಳುತ್ತಿದ್ದರು. ಹೆಂಗಸೊಬ್ಬಳು ಸಂಸ್ಕೃತ ಓದುವುದನ್ನು ಕಂಡು ಬೆರಗಾದ ಆ ಹುಡುಗ, ತನ್ನ ಹೆಂಡತಿಗೂ ಕಲಿಸಬೇಕೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಮುಂದೆ ಕಲಿಸಲು ಹೊರಟಾಗ ಮನೆಯವರೂ ಸುತ್ತಲಿನವರೂ ವಿರೋಧಿಸಿದರು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು, ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರಕ್ಕೆ ವಿರೋಧವಲ್ಲ ಎಂದು ಶಾಸ್ತ್ರದಿಂದಲೇ ಅವರು ವಾದಿಸಬೇಕಾಯಿತು. ಆಮೇಲೆ ಪತ್ನಿ ಲಕ್ಷ್ಮೀಬಾಯಿಯನ್ನು ಕರೆದುಕೊಂಡು ಕಾಡಿಗೆ ಹೋಗಿ ಮನೆ ಮಾಡಿದರು.

ರಮಾಬಾಯಿ ಹುಟ್ಟುವ ಹೊತ್ತಿಗೆ ತಂದೆಗೆ ವಯಸ್ಸಾಗಿತ್ತು. ಹೀಗಾಗಿ ಮಗಳಿಗೆ ಪಾಠ ಹೇಳಿದವರು ತಾಯಿ. ಹಗಲೆಲ್ಲ ಮನೆಗೆಲಸ, ಬಂದವರ ಊಟೋಪಚಾರ, ಆದ್ದರಿಂದ ಪಾಠಕ್ಕೆ ಸಿಗುತ್ತಿದ್ದದ್ದು ಬೆಳಗಿನ ಜಾವ ಮಾತ್ರ. ನಿದ್ದೆಗಣ್ಣಿನ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಮುದ್ದು ಮಾಡಿ ಎಬ್ಬಿಸಿ, ತಾಯಿ ಶ್ಲೋಕ ಹೇಳಿಸುತ್ತಿದ್ದರಂತೆ. ಹನ್ನೆರಡನೆಯ ವಯಸ್ಸಿಗೆ ಭಾಗವತದ ಸಾವಿರಾರು ಶ್ಲೋಕಗಳು ರಮಾಬಾಯಿಯ ನಾಲಿಗೆಯ ಮೇಲಿದ್ದವು. ಊರಿಂದೂರಿಗೆ, ತೀರ್ಥದಿಂದ ತೀರ್ಥಕ್ಕೆ ನಡೆದು ಪುರಾಣ ಓದಿ ಬದುಕುತ್ತಿದ್ದ ಆ ಕುಟುಂಬವನ್ನು 1870ರ ದಶಕದ ಕ್ಷಾಮ ಮುರಿಯಿತು. ಕೆಲವೇ ತಿಂಗಳುಗಳಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ.

ಅಣ್ಣತಂಗಿ ಇಬ್ಬರೂ ನಡೆಯುತ್ತ 1878ರಲ್ಲಿ ಕಲಕತ್ತೆ ಮುಟ್ಟಿದರು. ಇಪ್ಪತ್ತು ವರ್ಷದ ಹೆಣ್ಣುಮಗಳ ಸಂಸ್ಕೃತ ಕೇಳಿ ಅಲ್ಲಿಯ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು. 1881ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಅವಳೇ ಮನೋರಮಾ. ಮಗುವಿಗೆ ವರ್ಷ ತುಂಬುವ ಮೊದಲೇ ಕಾಲರಾ ತಂದೆಯನ್ನು ಒಯ್ದಿತು. 1882ರಲ್ಲಿ ಮಗುವನ್ನು ಎತ್ತಿಕೊಂಡು ರಮಾಬಾಯಿ ಪುಣೆಗೆ ಬಂದು, ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಹೇಳಿಕೆ ಕೊಟ್ಟರು.

ನಾವು ಸ್ವಾರಗೇಟ್ ದಾಟಿ ಪೇಟೆಯ ಕಡೆ ಹೋಗುವಾಗ ಗುರುವಾರ ಪೇಟೆಯಲ್ಲಿ ಎತ್ತರದ ಗಂಟೆಗೋಪುರದ ದೇವಾಲಯವೊಂದಿದೆ, ಪಂಚ ಹೌದ ಎಂದು ಕರೆಯುತ್ತಾರೆ. ಐದು ನೀರಿನ ಹೌದುಗಳಿಂದ ಬಂದ ಹೆಸರು. ಮಗಳು ಚಿಕ್ಕವಳಿದ್ದಾಗ ಇದನ್ನು ಕನ್ನಡದ 'ಹೌದು' ಎಂದುಕೊಂಡು "ಐದು ಸಲ ಹೌದು" ಎಂದು ನಗುತ್ತಿದ್ದಳು. ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಿಸ್ಟರುಗಳು ಪುಣೆಯಲ್ಲಿ ಕೆಲಸ ಮಾಡುತ್ತಿದ್ದರು. ಅವರ ಪರಿಚಯದಿಂದ, ವೈದ್ಯಕೀಯ ಓದುವ ಆಸೆಯಿಂದ ರಮಾಬಾಯಿ 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದರು. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಮನೋರಮಾಳಿಗೆ ಆಗ ಎರಡೂವರೆ ವರ್ಷ.

ಇಲ್ಲಿಂದ ಮುಂದಿನ ಕಥೆ ನನಗೆ ಬೇಕಾದ ಕಥೆ. ವಾಂಟೇಜ್‌ನ ಸಿಸ್ಟರ್ ಜೆರಾಲ್ಡಿನ್ ರಮಾಬಾಯಿಗೆ ಧರ್ಮದಲ್ಲಿ ತಾಯಿಯಂತೆ ಇದ್ದವರು. ರಮಾಬಾಯಿ ಅವರನ್ನು ಪ್ರೀತಿಯಿಂದ 'ಆಜೀಬಾಯಿ' ಎಂದು ಕರೆಯುತ್ತಿದ್ದರು, ನಮ್ಮ ಅಜ್ಜಿ ಎಂದಂತೆ. ರಮಾಬಾಯಿ ಚೆಲ್ಟೆನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಓದುತ್ತ, ಸಂಸ್ಕೃತ ಕಲಿಸುತ್ತ ಇದ್ದಾಗ ಮಗು ಇದ್ದದ್ದು ಈ ಆಜೀಬಾಯಿಯ ಬಳಿ. ಅವರಿಬ್ಬರ ನಡುವೆ ಓಡಾಡಿದ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದಿವೆ. ಅವುಗಳಲ್ಲಿ ಬಹಳಷ್ಟು ಜಗಳ. ಜಗಳದ ಒಂದು ಮುಖ್ಯ ಕಾರಣ, ಮನೋರಮಾಳಿಗೆ ಧರ್ಮ ಯಾರು ಕಲಿಸಬೇಕು, ಏನು ಕಲಿಸಬೇಕು ಎಂಬುದು.

ಸಿಸ್ಟರಿಗೆ ಮಗುವನ್ನು ಸಭೆಯ ಬೋಧನೆಯಂತೆ ತಪ್ಪಿಲ್ಲದೆ ಬೆಳೆಸಬೇಕೆಂಬ ಆಸೆ. ರಮಾಬಾಯಿಗೋ ತ್ರಿಯೇಕತ್ವದಂಥ ಬೋಧನೆಗಳು ಇನ್ನೂ ಒಪ್ಪಿಗೆಯಾಗಿರಲಿಲ್ಲ. ತಾನೇ ಒಪ್ಪದ ಮಾತನ್ನು ಮಗಳ ಬಾಯಲ್ಲಿ ಹೇಳಿಸಲು ಅವರು ಬಿಡಲಿಲ್ಲ. ಕ್ರಿಸ್ತನನ್ನು ಒಪ್ಪಿದ್ದೇನೆ, ಆದರೆ ನನ್ನ ಮನಸ್ಸಾಕ್ಷಿಯನ್ನು ಯಾವ ಪಾದ್ರಿಯ ಕೈಗೂ ಕೊಟ್ಟಿಲ್ಲ ಎಂಬುದು ಅವರ ನಿಲುವು. ಮಗಳು ತನ್ನ ನಾಡಿನ ಜನರಲ್ಲಿ ಒಬ್ಬಳಾಗಿಯೇ ಬೆಳೆಯಬೇಕು, ಅವರಿಗಿಂತ ಮೇಲಿನವಳೆಂದುಕೊಂಡು ಪರಕೀಯಳಾಗಬಾರದು ಎಂದು ಒತ್ತಿ ಬರೆದರು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತ ಏಕಿರಬಾರದು ಎಂದು ಕೇಳಿದರು. ಇಂಗ್ಲೆಂಡಿನ ಚಳಿಯಲ್ಲೂ ಶಾಕಾಹಾರ ಬಿಡಲಿಲ್ಲ.

ಅನ್ನ, ವಸತಿ, ಓದು ಎಲ್ಲವನ್ನೂ ಕೊಟ್ಟವರಿಗೆ ಒಬ್ಬ ಒಂಟಿ ವಿಧವೆ ಹೀಗೆ ಬರೆಯಲು ಎಷ್ಟು ಧೈರ್ಯ ಬೇಕು, ಯೋಚಿಸಿ. ಆದರೆ ಆಜೀಬಾಯಿಯೊಡನೆ ಅವರು ಸಂಬಂಧ ಕಡಿದುಕೊಳ್ಳಲಿಲ್ಲ. 1886ರಲ್ಲಿ ಆನಂದಿಬಾಯಿ ಜೋಶಿಯವರು ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ಮಗಳೊಡನೆ ಅಮೆರಿಕಕ್ಕೆ ಹೋದರು. ಅಲ್ಲಿ ಊರೂರು ತಿರುಗಿ ಭಾಷಣ ಮಾಡುವ ಕೆಲಸ ಬಂದಾಗ ಮಗುವನ್ನು ಮತ್ತೆ ಕಳಿಸಿದ್ದು ವಾಂಟೇಜ್‌ಗೇ. ಜಗಳವಾಡಿದವರ ಮೇಲೂ ನಂಬಿಕೆ ಇಡಲು ಅವರಿಗೆ ಬರುತ್ತಿತ್ತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ರಮಾಬಾಯಿಯವರ ಶಾರದಾ ಸದನ ತೆರೆಯಿತು. 1890ರ ಕೊನೆಗೆ ಪುಣೆಗೆ ಬಂತು. ಬಾಲವಿಧವೆಯರಿಗೆ ಮನೆ, ಶಾಲೆ ಎರಡೂ ಅದೇ. ಹಣ ಕೊಟ್ಟವರು ಅಮೆರಿಕದವರು, ಸಲಹಾ ಸಮಿತಿಯಲ್ಲಿ ಇದ್ದವರು ನ್ಯಾಯಮೂರ್ತಿ ರಾನಡೆ, ಡಾ. ಭಾಂಡಾರಕರ್ ಅವರಂಥವರು. ಯಾವ ಧರ್ಮವನ್ನೂ ಹೇರುವುದಿಲ್ಲ ಎಂಬುದು ಕರಾರು. ಹುಡುಗಿಯರು ತಮ್ಮ ಆಚಾರ, ಪೂಜೆ, ಊಟದ ನಿಯಮ ಪಾಲಿಸಿಕೊಂಡು ಇರಬಹುದಿತ್ತು.

ಸದನದಲ್ಲಿ ರಮಾಬಾಯಿಗೂ ಒಂದು ಕೋಣೆಯಿತ್ತು. ಅಲ್ಲಿ ದಿನವೂ ಮಗಳನ್ನು ಕೂಡಿಸಿಕೊಂಡು ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ಹಾಕುತ್ತಿರಲಿಲ್ಲ. ತಲೆ ಬೋಳಿಸಿಕೊಂಡು, ಮನೆಯವರಿಂದ ಬೈಸಿಕೊಂಡು ಬಂದ ಎಳೆಯ ಹುಡುಗಿಯರು ತಾಯಿಮಗಳು ಒಟ್ಟಿಗೆ ಕೂತದ್ದನ್ನು ಕಂಡು ಒಬ್ಬೊಬ್ಬರೇ ಒಳಗೆ ಬಂದು ಕೂರತೊಡಗಿದರು. ಊರಿಗೆ ಸುದ್ದಿ ಹೋಯಿತು. ಟಿಳಕರ 'ಕೇಸರಿ' ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರಕರ್ ಸಮಿತಿಯಿಂದ ಹೊರಬಂದರು. ಹಲವು ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ರಮಾಬಾಯಿಯವರ ಉತ್ತರ ಇಷ್ಟೇ: ನಾನು ಯಾರನ್ನೂ ಕರೆದಿಲ್ಲ. ನನ್ನ ಮಗಳಿಗೆ ನನ್ನ ನಂಬಿಕೆ ಕಲಿಸುವ ಹಕ್ಕು ನನಗಿದೆ. ಅದನ್ನು ಕಳ್ಳತನದಂತೆ ಬಾಗಿಲು ಹಾಕಿಕೊಂಡು ಮಾಡಲಾರೆ.

ಇದನ್ನು ಮೊದಲ ಸಲ ಓದಿದಾಗ ನಾನು ಪೂರ್ತಿ ರಮಾಬಾಯಿಯ ಪಕ್ಷ. ಈ ಸಲ ಹಾಗೆ ಆಗಲಿಲ್ಲ. ಮಗಳನ್ನು ಸದನಕ್ಕೆ ಕಳಿಸಿದ ಆ ತಾಯಂದಿರನ್ನೂ ನೆನೆದೆ. ಊರ ಬಾಯಿಗೆ ಹೆದರದೆ ವಿಧವೆ ಮಗಳನ್ನು ಓದಲು ಕಳಿಸಿದ್ದೇ ದೊಡ್ಡ ಧೈರ್ಯ. ಧರ್ಮದ ಮಾತು ಬರುವುದಿಲ್ಲ ಎಂದು ನಂಬಿ ಕಳಿಸಿದವರು ಅವರು. ಇಂಗ್ಲೆಂಡಿನಲ್ಲಿ ರಮಾಬಾಯಿ ಆಜೀಬಾಯಿಗೆ ಏನು ಬರೆದರೋ, ಅದನ್ನೇ ಪುಣೆಯ ತಾಯಂದಿರು ರಮಾಬಾಯಿಗೆ ಕೇಳಬಹುದಿತ್ತಲ್ಲ? ನನ್ನ ಮಗಳಿಗೆ ಏನು ಕಲಿಸಬೇಕೆಂದು ಹೇಳುವವಳು ನಾನು ಎಂದು. ತೆರೆದ ಬಾಗಿಲು ಒಳಗಿರುವವರಿಗೆ ಪ್ರಾಮಾಣಿಕತೆ, ಹೊರಗಿರುವವರಿಗೆ ಅದೇ ಕರೆಯೂ ಆಗಬಹುದು. 1895ರಲ್ಲಿ ಸದನದ ಕೆಲವು ವಿದ್ಯಾರ್ಥಿನಿಯರು ದೀಕ್ಷಾಸ್ನಾನ ಪಡೆದಾಗ ಪುಣೆಯ ಅನುಮಾನ ಗಟ್ಟಿಯಾಯಿತು.

ಇನ್ನೊಂದು ಬದಿಯೂ ಇದೆ. ಸದನ ಸೇರಿದ ಮೊದಲ ಬಾಲವಿಧವೆ ಗೋದೂಬಾಯಿ ವರ್ಷಗಟ್ಟಲೆ ರಮಾಬಾಯಿಯ ಬಳಿಯೇ ಇದ್ದು ಕಲಿತರು. ಅವರು ಕ್ರೈಸ್ತರಾಗಲಿಲ್ಲ. 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಬಾಯಾ ಕರ್ವೆ ಎಂದು ಹೆಸರಾದರು. ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಕರ್ವೆಯವರ ಕೆಲಸದ ಹಿಂದೆ ಈ ಮನೆಯೊಡತಿ ಇದ್ದರು. ಒಂದೇ ಬಾಗಿಲಿನಿಂದ ಕೆಲವರು ಒಳಗೆ ಹೋದರು, ಕೆಲವರು ಕಲಿತು ಹೊರಗೆ ಬಂದರು.

ನನ್ನನ್ನು ಹೆಚ್ಚು ತಟ್ಟಿದ ಸಂಗತಿ ಬೇರೆ. ರಮಾಬಾಯಿ ಮುಂದೆ ತಮ್ಮ ಬಗ್ಗೆ ಬರೆಯುತ್ತ, ದೀಕ್ಷಾಸ್ನಾನದ ಹೊತ್ತಿಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬರ್ಥದ ಮಾತು ಹೇಳಿದ್ದಾರೆ. ಆ ನಂಬಿಕೆ ಒಳಗಿಳಿದದ್ದು 1891ರ ಸುಮಾರಿಗೆ, ಎಂಟು ವರ್ಷಗಳ ನಂತರ. ಅಂಥ ಪಂಡಿತೆಗೇ ಎಂಟು ವರ್ಷ ಹಿಡಿಯಿತು. ನಾನು ನನ್ನ ಹದಿನಾರರ ಹುಡುಗಿಗೆ ಕೊಟ್ಟದ್ದು ಒಂದು ಸಂಜೆ.

ಮತ್ತೂ ಒಂದು ಮಾತು. ಬೆಳಗಿನ ಜಾವ ತೊಡೆಯ ಮೇಲೆ ಕೂಡಿಸಿಕೊಂಡು ಭಾಗವತ ಕಲಿಸಿದ ಲಕ್ಷ್ಮೀಬಾಯಿ ಬದುಕಿದ್ದರೆ, ಮಗಳು ಬೈಬಲ್ ಹಿಡಿದದ್ದನ್ನು ಕಂಡು ಎಷ್ಟು ನೊಂದುಕೊಳ್ಳುತ್ತಿದ್ದರು! ಆದರೆ ಓದಲು, ಕೇಳಲು, ವಾದಿಸಲು ಕಲಿಸಿದವರು ಆ ತಂದೆತಾಯಿಯೇ. ಉಡುಪಿಯಲ್ಲಿ ತಂದೆ ವಿದ್ವಾಂಸರ ಮುಂದೆ ನಿಂತ ಹಾಗೆಯೇ ಮಗಳು ವಾಂಟೇಜ್‌ನವರ ಮುಂದೆಯೂ ಪುಣೆಯವರ ಮುಂದೆಯೂ ನಿಂತಳು. ನಾವು ಮಕ್ಕಳಿಗೆ ನಂಬಿಕೆ ಕೊಡುತ್ತೇವೆ ಎಂದುಕೊಳ್ಳುತ್ತೇವೆ. ಅದರ ಜೊತೆಗೆ ಪ್ರಶ್ನೆ ಕೇಳುವ ಬಾಯನ್ನೂ ಕೊಟ್ಟಿರುತ್ತೇವೆ. ಒಂದನ್ನು ಕೊಟ್ಟು ಇನ್ನೊಂದನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ.

ಮನೋರಮಾ ಏನಾದಳು? ಇಂಗ್ಲೆಂಡ್, ಅಮೆರಿಕಗಳಲ್ಲಿ ಓದಿ, ಮರಳಿ ತಾಯಿಯ ಕೆಲಸಕ್ಕೇ ಬಂದರು. ಅಷ್ಟರಲ್ಲಿ ಕ್ಷಾಮ ಮತ್ತು ಪ್ಲೇಗಿನ ದಿನಗಳಲ್ಲಿ ರಮಾಬಾಯಿಯ ಸಂಸ್ಥೆ ಪುಣೆಯಿಂದ ಕೇಡಗಾಂವ್‌ಗೆ ಹೋಗಿ 'ಮುಕ್ತಿ' ಎಂಬ ಹೆಸರಿನಲ್ಲಿ ಬೆಳೆದಿತ್ತು. 1900ರ ಕ್ಷಾಮದ ಹೊತ್ತಿಗೆ ಅಲ್ಲಿ ಸುಮಾರು 2000 ಹೆಂಗಸರು, ಮಕ್ಕಳು ಇದ್ದರು. ಅಲ್ಲಿ ಗುಟ್ಟಿಲ್ಲ, ಕರಾರಿಲ್ಲ, ಅದು ನೇರವಾಗಿ ಕ್ರೈಸ್ತ ಸಂಸ್ಥೆ. ಮನೋರಮಾಬಾಯಿ ಅಲ್ಲಿ ಶಾಲೆ ನೋಡಿಕೊಂಡರು. 1912ರ ಸುಮಾರಿಗೆ, ಆಗ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಗುಲಬರ್ಗಾದಲ್ಲಿ, ಇಂದಿನ ಕಲಬುರಗಿಯಲ್ಲಿ, ತಾಯಿ ತೆರೆದ ಶಾಲೆಗೆ ಮುಖ್ಯಸ್ಥೆಯಾದರು. ಗಂಗಾಮೂಲದಲ್ಲಿ ಹೊರಟ ಪಾಠ ಮೂರನೆಯ ತಲೆಮಾರಿಗೆ ಮತ್ತೆ ಕನ್ನಡ ನೆಲ ಮುಟ್ಟಿತು. 1921ರ ಜುಲೈನಲ್ಲಿ ಮನೋರಮಾಬಾಯಿ ತೀರಿಕೊಂಡರು, ನಲವತ್ತು ವರ್ಷ ಅಷ್ಟೇ. ರಮಾಬಾಯಿ ಆಗ ಬೈಬಲ್ಲನ್ನು ಹೀಬ್ರೂ, ಗ್ರೀಕ್ ಮೂಲಗಳಿಂದ ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತರುತ್ತಿದ್ದರು. ಮಗಳು ಹೋದ ಮೇಲೂ ಆ ಕೆಲಸ ಬಿಡಲಿಲ್ಲ. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.

ಮಗಳು ತಾಯಿಯ ದಾರಿಯಲ್ಲೇ ನಡೆದಳು ನೋಡಿ ಎಂದು ಹೇಳಿ ಮುಗಿಸಿದರೆ ನನಗೆ ಅನುಕೂಲ. ಆದರೆ ಅದನ್ನು ಹೇಳಲು ಈ ಕಥೆ ತೆಗೆಯಲಿಲ್ಲ. ಹೋಗಲು ದಾರಿಯಿದ್ದೂ ಮನೋರಮಾ ಉಳಿದಳು, ಅದಕ್ಕೇ ಆ ಉಳಿಕೆಗೆ ಬೆಲೆ.

ನಾಲ್ಕನೆಯ ದಿನ ನಾನು ಮಗಳ ಕೋಣೆಗೆ ಹೋಗಿ, "ಈ ವರ್ಷ ಕ್ಲಾಸಿಗೆ ಹೆಸರು ಕೊಡೂದು ಬ್ಯಾಡ. ನಿನಗ ಅನಿಸಿದಾಗ ಹೇಳು. ಅನಿಸದಿದ್ರೂ ಹೇಳು" ಎಂದೆ. ಹೇಳುವಾಗ ಎದೆ ಭಾರವಾಗಿತ್ತು, ಸುಳ್ಳು ಹೇಳುವುದಿಲ್ಲ. ಈಗ ರಾತ್ರಿ ಊಟವಾದ ಮೇಲೆ ನಾನೂ ಯಜಮಾನರೂ ಒಂದು ಅಧ್ಯಾಯ ಓದುತ್ತೇವೆ, ಕನ್ನಡದಲ್ಲಿ, ಸ್ವಲ್ಪ ಗಟ್ಟಿಯಾಗಿಯೇ. ನಮ್ಮ ಬಾಗಿಲು ತೆರೆದಿರುತ್ತದೆ. ಕೆಲವು ದಿನ ಬಂದು ಕೂರುತ್ತಾಳೆ, ಕೆಲವು ದಿನ ಬರುವುದಿಲ್ಲ. ಮೊನ್ನೆ ಮಾತ್ರ ಅಜ್ಜಿಯ ಸತ್ಯವೇದವನ್ನು ಎತ್ತಿಕೊಂಡು, "ಇದು 'ಳ'ನೋ 'ಲ'ನೋ?" ಎಂದು ಕೇಳಿದಳು. ಅಷ್ಟಕ್ಕೆ ನಾನು ಬೇರೆ ಅರ್ಥ ಹಚ್ಚಲು ಹೋಗಲಿಲ್ಲ. 'ಳ' ತೋರಿಸಿದೆ.

ಸೋಲಾಪುರದ ಕಡೆ ಊರಿಗೆ ಹೋಗುವ ನಮ್ಮ ರೈಲುಗಳು ದೌಂಡಿಗಿಂತ ಮೊದಲು ಕೇಡಗಾಂವ್ ದಾಟುತ್ತವೆ. ಎಷ್ಟು ಸಲ ನಿದ್ದೆಯಲ್ಲಿ ದಾಟಿದ್ದೇವೋ! ಮುಂದಿನ ಚಳಿಗಾಲದಲ್ಲಿ ವೇದಿಕೆಯಿಂದ ಒಂದು ದಿನದ ಮಟ್ಟಿಗೆ ಹೋಗಿಬರೋಣ ಎಂದು ಎಲ್ಲರಲ್ಲಿ ವಿನಂತಿ. ಮಕ್ಕಳನ್ನೂ ಕರೆತನ್ನಿ. ನನ್ನ ಮಗಳನ್ನು ಕೇಳಿದ್ದೇನೆ. "ನೋಡೋಣು" ಅಂದಿದ್ದಾಳೆ.